ಬಜೆಟ್ ಎಂಬ ತೊಗಲಿನ ಚೀಲ

ಕೇಳುಗರಿಗೆ ನಮಸ್ಕಾರ.

‘ಈ ತಿಂಗಳು ಬಜೆಟ್ಟು ಮೀರಿಹೋಯಿತು’ ಅಂತ ನಾವೆಲ್ಲ ಒಂದಲ್ಲ ಒಂದು ಸಲ ಅಂದವರೇ. ಆಗ ನಮ್ಮ ಬಾಯಲ್ಲಿ ಬರುವುದು, ನಿಜವಾಗಿ ನೋಡಿದರೆ, ಹಳೆಯದೊಂದು ಹಣದ ಚೀಲದ ಹೆಸರು. 15ನೇ ಶತಮಾನದ ಇಂಗ್ಲಿಷಿನಲ್ಲಿ ಬಜೆಟ್ ಅಂದರೆ ಲೆಕ್ಕಪತ್ರವಲ್ಲ. ಕಾಸು, ಕಾಗದ ಇಟ್ಟುಕೊಳ್ಳುವ ತೊಗಲಿನ ಚೀಲ. ಈಗಿನ ಪರ್ಸಿಗೆ ಅದು ಅಜ್ಜಿಯ ಸ್ಥಾನದಲ್ಲಿದೆ.

ಈ ಪದ ಬಹಳ ದೂರ ನಡೆದು ಬಂದಿದೆ. ಈಗಿನ ಫ್ರಾನ್ಸಿನ ಕಡೆ ಹಿಂದೆ ಇದ್ದ ಗಾಲ್ ಜನರ ಚರ್ಮದ ಚೀಲ ರೋಮನ್ನರ ಬಾಯಲ್ಲಿ ‘ಬುಲ್ಗಾ’ ಆಯಿತು. ಹಳೆಯ ಫ್ರೆಂಚಿನಲ್ಲಿ ‘ಬೂಜ್’, ಪುಟ್ಟದಾಗಿದ್ದರೆ ‘ಬೂಜೆಟ್’. ಕಡಲು ದಾಟಿ ಇಂಗ್ಲೆಂಡಿಗೆ ಹೋದದ್ದು ಆ ಪುಟ್ಟ ಚೀಲವೇ. ಉಬ್ಬು ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ‘ಬಲ್ಜ್’ ಅನ್ನುತ್ತಾರಲ್ಲ, ಅದೂ ಇದೇ ಬಳ್ಳಿಯದು. ತುಂಬಿದ ಚೀಲ ಉಬ್ಬಲೇಬೇಕು!

ಚೀಲದ ಹೆಸರು ಸರ್ಕಾರದ ಲೆಕ್ಕಕ್ಕೆ ಹತ್ತಿದ್ದು ಹೇಗೆ? 1733ರಲ್ಲಿ ಬ್ರಿಟನ್ನಿನ ಹಣಕಾಸು ನೋಡಿಕೊಳ್ಳುತ್ತಿದ್ದ ಮಂತ್ರಿ ರಾಬರ್ಟ್ ವಾಲ್‌ಪೋಲ್ ದ್ರಾಕ್ಷಾರಸ, ಹೊಗೆಸೊಪ್ಪಿನ ಮೇಲೆ ಹೊಸ ರೀತಿಯ ಸುಂಕ ಹಾಕಲು ಹೊರಟಾಗ ಜನ ಸಿಡಿದೆದ್ದರು. ಆಗ ‘ಬಜೆಟ್ ಬಿಚ್ಚಲಾಗಿದೆ’ ಎಂಬ ಹೆಸರಿನ ಕಿರುಹೊತ್ತಗೆಯೊಂದು ಹೊರಬಂತು. ಸಂತೆಯಲ್ಲಿ ನಕಲಿ ವೈದ್ಯ ಚೀಲ ಬಿಚ್ಚಿ ಮದ್ದು, ಮೋಡಿ ತೋರಿಸುವಂತೆ ಈ ಮಂತ್ರಿಯೂ ಚೀಲ ಬಿಚ್ಚುತ್ತಿದ್ದಾನೆ ಎಂಬ ಕುಟುಕು ಅದರಲ್ಲಿತ್ತು. ಕಾಲ ಕಳೆದಂತೆ ಕುಟುಕು ಅಳಿಯಿತು, ಹೆಸರು ಉಳಿಯಿತು. ಫ್ರೆಂಚರಂತೂ ತಾವು ಕೊಟ್ಟ ಪದವನ್ನೇ ಹೊಸ ಅರ್ಥದೊಂದಿಗೆ ವಾಪಸು ತೆಗೆದುಕೊಂಡರು. 19ನೇ ಶತಮಾನದ ಹಣಕಾಸು ಮಂತ್ರಿ ಗ್ಲ್ಯಾಡ್‌ಸ್ಟನ್ನರ ಕಾಲದ, ಬಜೆಟ್ ಪತ್ರ ಇಡುವ ಕೆಂಪು ತೊಗಲಿನ ಪೆಟ್ಟಿಗೆಯನ್ನು ಬ್ರಿಟನ್ನಿನ ಹಣಕಾಸು ಮಂತ್ರಿಗಳು 2010ರಲ್ಲೂ ಕೈಯಲ್ಲಿ ಹಿಡಿದಿದ್ದರು. ಆ ಚಿತ್ರ ನೋಡಿದಾಗಲೆಲ್ಲ ನನಗೆ ಖುಷಿ. ಪದ ತನ್ನ ಹಳೇ ಒಡಲನ್ನು ಪೂರ್ತಿ ಬಿಟ್ಟಿರಲಿಲ್ಲವಲ್ಲ ಅಂತ.

ಹಣ ಇಡುವ ವಸ್ತುವೇ ಹಣದ ಹೆಸರಾಗುವುದು ಕನ್ನಡಕ್ಕೂ ಹೊಸದಲ್ಲ. ‘ಹಮ್ಮಿಣಿ’ ಅಂದರೆ ದುಡ್ಡಿನ ಚೀಲ. ಆದರೆ ಹಮ್ಮಿಣಿ ಅರ್ಪಿಸಿದರು ಅಂದಾಗ ಚೀಲ ಯಾವ ಬಣ್ಣದ್ದು ಅಂತ ಯಾರೂ ಕೇಳುವುದಿಲ್ಲ. ನನಗೆ ಇದಕ್ಕಿಂತ ಇಷ್ಟವಾದ ಪದ ‘ಗಂಟು’. ಚೀಲವೂ ಇಲ್ಲದವರು ಬಟ್ಟೆಯ ತುದಿಯಲ್ಲಿ ನಾಲ್ಕು ನಾಣ್ಯ ಇಟ್ಟು, ಎರಡು ಸುತ್ತು ತಿರುವಿ ಬಿಗಿಯುತ್ತಿದ್ದರು. ಬೆವರಿಗೆ ಬಟ್ಟೆ ಬಿರುಸಾಗಿ, ಬಿಚ್ಚುವಾಗ ಉಗುರು ಸೋತು, ಹಲ್ಲಿನಿಂದ ಕಚ್ಚಿ ಸಡಿಲಿಸಬೇಕಾಗುತ್ತಿತ್ತು. ಆ ಗಂಟೇ ಇವತ್ತು ಬ್ಯಾಂಕಿನ ಕಾಗದಪತ್ರಗಳಲ್ಲಿ ‘ಇಡುಗಂಟು’ ಅಂತ ಕೂತಿದೆ.

ನಮಸ್ಕಾರ.