ಎಮಿಲ್ ಗ್ರಿಫಿತ್‌ನನ್ನು ಕ್ಷಮಿಸಬೇಕಾದವರು ಯಾರು?

ಎಲ್ಲರಿಗೂ ನಮಸ್ಕಾರ.

ಬಾಕ್ಸಿಂಗ್ ಕಲಿಯುವ ಮಕ್ಕಳು, ಅವರ ಅಪ್ಪ ಅಮ್ಮಂದಿರು, ಕೋಚ್‌ಗಳು ಎಲ್ಲರೂ ಇಲ್ಲಿ ಸೇರಿದ್ದೀರಿ. ಇಂಥ ಸಭೆಯಲ್ಲಿ ಮೊಹಮ್ಮದ್ ಅಲಿ ಬಗ್ಗೆ ಮಾತಾಡಿದರೆ ಎಲ್ಲರಿಗೂ ಖುಷಿ. ಆದರೆ ನಾನು ಇವತ್ತು ಎಮಿಲ್ ಗ್ರಿಫಿತ್ ಬಗ್ಗೆ ಹೇಳಬೇಕು ಅಂತ ಬಂದಿದ್ದೇನೆ. ವೆಲ್ಟರ್‌ವೇಟ್, ಅದಕ್ಕಿಂತ ಹೆಚ್ಚು ತೂಕದವರ ಮಿಡಲ್‌ವೇಟ್, ಈ ಎರಡೂ ತೂಕದ ವಿಭಾಗಗಳಲ್ಲಿ ವಿಶ್ವ ಚಾಂಪಿಯನ್ ಆದವನು ಅವನು. ಅವನ ಏಟು ತಿಂದು ಒಬ್ಬ ಮನುಷ್ಯ ಸತ್ತ. ಆಮೇಲೆ ಐವತ್ತು ವರ್ಷಕ್ಕೂ ಜಾಸ್ತಿ ಅವನು ಬದುಕಿದ. ನನಗೆ ಮುಖ್ಯ ಅನ್ನಿಸುವುದು ಆ ಐವತ್ತು ವರ್ಷ.

ಗ್ರಿಫಿತ್ ಹುಟ್ಟಿದ್ದು 1938ರಲ್ಲಿ, ಕೆರಿಬಿಯನ್ ಸಮುದ್ರದ ಸೇಂಟ್ ಥಾಮಸ್ ದ್ವೀಪದಲ್ಲಿ. ಹುಡುಗನಾಗಿದ್ದಾಗಲೇ ನ್ಯೂಯಾರ್ಕಿಗೆ ಬಂದ. ಹೆಂಗಸರ ಟೋಪಿ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಟೋಪಿ ಮಾಡುವುದು ಅವನಿಗೆ ತುಂಬಾ ಇಷ್ಟದ ಕೆಲಸವಾಗಿತ್ತು. ಒಂದು ದಿನ ಸೆಕೆ ತಡೆಯಲಾಗದೆ ಅಂಗಿ ಬಿಚ್ಚಿ ಕೆಲಸ ಮಾಡುತ್ತಿದ್ದ. ಅವನ ಭುಜ, ಸೊಂಟ ನೋಡಿದ ಮಾಲೀಕ ಹೊವಾರ್ಡ್ ಆಲ್ಬರ್ಟ್ ಅವನನ್ನು ಗಿಲ್ ಕ್ಲ್ಯಾನ್ಸಿ ಎಂಬ ತರಬೇತುದಾರನ ಬಳಿ ಕರೆದುಕೊಂಡು ಹೋದ. ಹೊಡೆದಾಡಬೇಕು ಅಂತ ಹುಡುಗನಿಗೆ ಆಸೆ ಏನೂ ಇರಲಿಲ್ಲ. ಕೈಯಲ್ಲಿ ಪ್ರತಿಭೆ ಇತ್ತು, ಹೇಳಿದ್ದನ್ನು ಕೇಳುವ ಗುಣ ಇತ್ತು.

1961ರ ಏಪ್ರಿಲ್‌ನಲ್ಲಿ ಅವನು ಕ್ಯೂಬಾದ ಬೆನ್ನಿ ಪರೆಟ್‌ನನ್ನು ಸೋಲಿಸಿ ವೆಲ್ಟರ್‌ವೇಟ್ ಚಾಂಪಿಯನ್ ಆದ. ಸೆಪ್ಟೆಂಬರ್‌ನಲ್ಲಿ ಪರೆಟ್ ಆ ಪಟ್ಟವನ್ನು ಮತ್ತೆ ಕಿತ್ತುಕೊಂಡ. ಮೂರನೇ ಪಂದ್ಯ 1962ರ ಮಾರ್ಚ್ 24ರಂದು, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ.

ಅವತ್ತು ಬೆಳಿಗ್ಗೆ ಇಬ್ಬರ ತೂಕ ನೋಡುವ ಹೊತ್ತಿನಲ್ಲಿ ಪರೆಟ್ ಹಿಂದಿನಿಂದ ಬಂದು ಗ್ರಿಫಿತ್‌ನ ಮೈ ಮುಟ್ಟಿ ಕೀಟಲೆ ಮಾಡಿದ. ಗಂಡಸರನ್ನು ಪ್ರೀತಿಸುವ ಗಂಡಸರನ್ನು ಹೀಯಾಳಿಸುವ ಒಂದು ಸ್ಪ್ಯಾನಿಷ್ ಬೈಗುಳ ಉಸುರಿದ. ಗ್ರಿಫಿತ್ ಅಲ್ಲೇ ಕೈ ಮಾಡಲು ಹೋದ. ಕ್ಲ್ಯಾನ್ಸಿ ತಡೆದು, ಸಿಟ್ಟೆಲ್ಲ ರಾತ್ರಿಗೆ ಇಟ್ಟುಕೋ ಅಂದ. ಗ್ರಿಫಿತ್‌ನ ಜೀವನದಲ್ಲಿ ಗಂಡಸರೂ ಇದ್ದರು, ಹೆಂಗಸರೂ ಇದ್ದರು. ಬಾಕ್ಸಿಂಗ್ ವಲಯದಲ್ಲಿ ಇದು ಪಿಸುಮಾತಿನ ವಿಷಯ. ಆ ಕಾಲದ ಅಮೆರಿಕದಲ್ಲಿ ಇದು ಬಹಿರಂಗವಾದರೆ ಕೆಲಸ, ಮರ್ಯಾದೆ ಎಲ್ಲ ಹೋಗುತ್ತಿತ್ತು. ಪತ್ರಿಕೆಗಳೂ ಆ ಬೈಗುಳದ ಅರ್ಥವನ್ನು ನೇರವಾಗಿ ಬರೆಯಲಿಲ್ಲ.

ರಾತ್ರಿ ಪಂದ್ಯ ಶುರುವಾಯಿತು. ಆರನೇ ರೌಂಡಿನ ಕೊನೆಯಲ್ಲಿ ಪರೆಟ್ ಹೊಡೆದ ಏಟಿಗೆ ಗ್ರಿಫಿತ್ ಕೆಳಗೆ ಬಿದ್ದ. ಗಂಟೆ ಬಾರಿಸಿದ್ದರಿಂದ ಬಚಾವಾದ. ಮೂಲೆಗೆ ಬಂದಾಗ ಕ್ಲ್ಯಾನ್ಸಿ ಹೇಳಿದ್ದು ಇಷ್ಟು: ಅವನು ಹತ್ತಿರ ಸಿಕ್ಕಾಗ ಹೊಡೀತಾ ಇರು, ಅವನು ನಿನ್ನನ್ನು ಹಿಡಿದುಕೊಳ್ಳುವ ತನಕ ಅಥವಾ ರೆಫರಿ ಬಿಡಿಸುವ ತನಕ ನಿಲ್ಲಿಸಬೇಡ. ಯಾವ ಕೋಚ್ ಆದರೂ ಇದನ್ನೇ ಹೇಳುತ್ತಾನೆ. ಹನ್ನೆರಡನೇ ರೌಂಡಿನಲ್ಲಿ ಪರೆಟ್ ಮೂಲೆಯಲ್ಲಿ ಹಗ್ಗಕ್ಕೆ ಸಿಕ್ಕಿಕೊಂಡ. ಗ್ರಿಫಿತ್ ಹೊಡೆಯುತ್ತಾ ಹೋದ. ಬಿದ್ದ ಏಟು ಎಷ್ಟು ಎಂಬುದರಲ್ಲಿ ಎಣಿಸಿದವರ ಲೆಕ್ಕ ಒಬ್ಬೊಬ್ಬರದು ಒಂದೊಂದು. ಪರೆಟ್‌ಗೆ ಪ್ರಜ್ಞೆ ತಪ್ಪಿದರೂ ಹಗ್ಗ ಅವನನ್ನು ಬೀಳಲು ಬಿಡಲಿಲ್ಲ. ಬಿದ್ದಿದ್ದರೆ ರೆಫರಿ ಎಣಿಸಲು ಶುರು ಮಾಡುತ್ತಿದ್ದ, ಏಟು ನಿಲ್ಲುತ್ತಿತ್ತು. ರೆಫರಿ ರೂಬಿ ಗೋಲ್ಡ್‌ಸ್ಟೀನ್ ನಡುವೆ ಬರುವಷ್ಟರಲ್ಲಿ ಹೊತ್ತು ಮೀರಿತ್ತು. ಹತ್ತು ದಿನ ಕೋಮಾದಲ್ಲಿದ್ದು ಏಪ್ರಿಲ್ 3ರಂದು ಪರೆಟ್ ತೀರಿಕೊಂಡ. ವಯಸ್ಸು 25. ಹೆಂಡತಿ ಗರ್ಭಿಣಿ, ಮನೆಯಲ್ಲಿ ಪುಟ್ಟ ಮಗ. ಇಡೀ ದೇಶ ಟಿವಿಯಲ್ಲಿ ಆ ಪಂದ್ಯವನ್ನು ನೇರವಾಗಿ ನೋಡಿತ್ತು.

ಬೈದಿದ್ದಕ್ಕೆ ಸೇಡು ತೀರಿಸಿಕೊಂಡ, ಕತೆ ಅಷ್ಟೇ ಅಂತ ತುಂಬಾ ಜನ ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಸಿಟ್ಟು ಇತ್ತು, ನಿಜ. ಆದರೆ ಮೂರೂವರೆ ತಿಂಗಳ ಹಿಂದೆ, 1961ರ ಡಿಸೆಂಬರ್‌ನಲ್ಲಿ, ಇದೇ ಪರೆಟ್ ತನಗಿಂತ ಹೆಚ್ಚು ತೂಕದ ಜೀನ್ ಫುಲ್ಮರ್ ಜೊತೆ ಸೆಣಸಿದ್ದ. ಅಲ್ಲಿ ತಲೆಗೆ ಭೀಕರ ಏಟು ತಿಂದು ಹತ್ತನೇ ರೌಂಡಿನಲ್ಲಿ ನಾಕೌಟ್ ಆಗಿದ್ದ. ಅಂಥವನನ್ನು ಅಷ್ಟು ಬೇಗ ಮತ್ತೆ ರಿಂಗಿಗೆ ಇಳಿಸಿದವರು ಯಾರು? ಮ್ಯಾನೇಜರ್ ಇದ್ದ, ಪಂದ್ಯ ನಡೆಸಿದವರಿದ್ದರು, ಸಹಿ ಹಾಕಿದ ಅಧಿಕಾರಿಗಳಿದ್ದರು. ಅವರನ್ನೆಲ್ಲ ಜನ ಮರೆತರು. ಬೀದಿಯಲ್ಲಿ ಕೊಲೆಗಾರ ಅನ್ನಿಸಿಕೊಂಡವನು ಗ್ರಿಫಿತ್ ಒಬ್ಬನೇ. ಹಾಗಂತ ಅವನದು ಏನೂ ತಪ್ಪಿಲ್ಲ ಅಂತ ನಾನು ಹೇಳುತ್ತಿಲ್ಲ. ಅವನೇ ಹಾಗೆ ಹೇಳಿಕೊಳ್ಳಲಿಲ್ಲ. ಅದಕ್ಕೇ ಅವನ ಮೇಲೆ ನನಗೆ ಗೌರವ.

ಆಮೇಲೂ ಅವನು 15 ವರ್ಷ ಆಡಿದ. 1966ರಲ್ಲಿ ಡಿಕ್ ಟೈಗರ್‌ನನ್ನು ಸೋಲಿಸಿ ಮಿಡಲ್‌ವೇಟ್ ಚಾಂಪಿಯನ್ ಆದ. ಇಟಲಿಯ ನಿನೋ ಬೆನ್ವೆನುತಿ ಜೊತೆ ಮೂರು ಪಂದ್ಯ ಆಡಿದ. 1977ರಲ್ಲಿ ನಿಲ್ಲಿಸುವಾಗ ಲೆಕ್ಕದಲ್ಲಿ 85 ಗೆಲುವು ಇದ್ದವು. 1990ರಲ್ಲಿ ಬಾಕ್ಸಿಂಗ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ. ಹೊರಗಿನಿಂದ ನೋಡಿದರೆ ಜಗತ್ತು ಅವನನ್ನು ಕ್ಷಮಿಸಿತ್ತು. ಆದರೆ ಒಳಗೆ ಏನಾಗಿತ್ತು? ಪರೆಟ್ ಸತ್ತ ಮೇಲೆ ತಾನು ಮೊದಲಿನ ಆಟಗಾರನಾಗಿ ಉಳಿಯಲಿಲ್ಲ ಅಂತ ಅವನೇ ಹೇಳಿದ್ದಾನೆ. ಎದುರಿನವನಿಗೆ ನೋವಾಗುತ್ತದೆ ಎಂಬ ಭಯಕ್ಕೆ ಎಡಗೈಯ ಜಾಬ್, ಅಂದರೆ ಚುಟುಕು ನೇರ ಏಟಿನ ಮೇಲೇ ಪಂದ್ಯ ಮುಗಿಸುತ್ತಿದ್ದ. ರಾತ್ರಿ ಕನಸಿನಲ್ಲಿ ಪರೆಟ್ ಬರುತ್ತಿದ್ದ. ಒಂದು ವಾರ, ಒಂದು ತಿಂಗಳಲ್ಲ, ದಶಕಗಟ್ಟಲೆ.

ಆಟ ಬಿಟ್ಟ ಮೇಲೆ ವಿಲ್ಫ್ರೆಡ್ ಬೆನಿಟೆಜ್‌ನಂಥ ಚಾಂಪಿಯನ್‌ಗಳಿಗೆ ತರಬೇತಿ ಕೊಟ್ಟ. ನ್ಯೂಜೆರ್ಸಿಯಲ್ಲಿ, ತಪ್ಪು ಮಾಡಿದ ಹುಡುಗರನ್ನು ಇಡುವ ಬಂದೀಖಾನೆಯೊಂದರಲ್ಲಿ ಕಾವಲುಗಾರನಾಗಿ ಕೆಲಸ ಮಾಡಿದ. ಅಲ್ಲಿ ಪರಿಚಯವಾದ ಒಬ್ಬ ಹುಡುಗನನ್ನು ದತ್ತು ತೆಗೆದುಕೊಂಡ. ಕೊನೆಗಾಲದಲ್ಲಿ ಗ್ರಿಫಿತ್‌ನನ್ನು ನೋಡಿಕೊಂಡಿದ್ದು ಅದೇ ಮಗ. ಪೇಪರ್‌ಗಳು ಈ ಭಾಗವನ್ನು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ನನ್ನ ಪ್ರಕಾರ ಅವನ ಎಲ್ಲ ಪಟ್ಟಗಳಿಗಿಂತ ಇದು ದೊಡ್ಡದು.

1992ರಲ್ಲಿ, ಸಲಿಂಗಿಗಳು ಸೇರುವ ನ್ಯೂಯಾರ್ಕಿನ ಒಂದು ಬಾರ್‌ನಿಂದ ಹೊರಗೆ ಬರುತ್ತಿದ್ದ ಅವನ ಮೇಲೆ ಒಂದಷ್ಟು ಜನ ಬಿದ್ದು ಹೊಡೆದರು. ಆಗ ಅವನಿಗೆ 54 ವರ್ಷ. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದ, ಸಾಯುವ ಹಂತ ತಲುಪಿದ್ದ. ತನ್ನ ಬದುಕಿನ ಬಗ್ಗೆ ಅವನು ಆಡಿದ ಒಂದು ಮಾತಿದೆ. ನಾನೊಬ್ಬ ಮನುಷ್ಯನನ್ನು ಕೊಂದೆ, ಅದನ್ನು ಜನ ಅರ್ಥ ಮಾಡಿಕೊಂಡು ಕ್ಷಮಿಸಿದರು. ನಾನೊಬ್ಬ ಗಂಡಸನ್ನು ಪ್ರೀತಿಸುತ್ತೇನೆ ಅಂದರೆ ಅದು ಮಾತ್ರ ಕ್ಷಮಿಸಲಾರದ ಪಾಪ ಅನ್ನುತ್ತಾರೆ. ಇದು ಆ ಮಾತಿನ ಸಾರ. ಇದನ್ನು ಕೇಳಿ ಅಮೆರಿಕದವರು ಹಾಗೆ ಅಂತ ನಾವು ಸುಮ್ನೆ ಕೂರುವ ಹಾಗಿಲ್ಲ. ನಮ್ಮ ದೇಶದಲ್ಲೂ 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಡುವ ತನಕ ಇಂಥ ಸಂಬಂಧ ಅಪರಾಧವಾಗಿತ್ತು. ಜಿಮ್‌ಗಳಲ್ಲಿ, ಮೈದಾನಗಳಲ್ಲಿ ಹುಡುಗರನ್ನು ಕೆಣಕಲು ಇವತ್ತಿಗೂ ಬಳಕೆಯಾಗುವುದು ಇಂಥದೇ ಬೈಗುಳ, ಅಲ್ವಾ? ಬೈಸಿಕೊಂಡವನು ನಗುತ್ತಾನೆ, ಒಳಗೆ ಏನು ನುಂಗುತ್ತಾನೋ ಯಾರಿಗೆ ಗೊತ್ತು.

ಹಾಗಾದರೆ ಕ್ಷಮೆ ಎಲ್ಲಿಂದ ಬರಬೇಕಿತ್ತು? ಹಾಲ್ ಆಫ್ ಫೇಮ್ ಅದನ್ನು ಕೊಡಲಾಗದು. ಚಪ್ಪಾಳೆ ಹೊಡೆದ ನಮ್ಮಂಥ ಪ್ರೇಕ್ಷಕರಿಗೆ ಅದನ್ನು ಕೊಡುವ ಹಕ್ಕೇ ಇಲ್ಲ. ಕಳೆದುಕೊಂಡವರು ನಾವಲ್ಲ. 2005ರಲ್ಲಿ ಬಂದ ಒಂದು ಸಾಕ್ಷ್ಯಚಿತ್ರಕ್ಕಾಗಿ ಗ್ರಿಫಿತ್ ಮತ್ತು ಪರೆಟ್‌ನ ಮಗ ಎದುರುಬದುರಾದರು. ಅಪ್ಪ ಸತ್ತಾಗ ಆ ಮಗ ನಡೆಯಲು ಕಲಿತಿದ್ದ ಮಗು. ಈಗ ನಡುವಯಸ್ಸಿನವನು. ಯಾರಿಗೂ ನೋವು ಮಾಡಬೇಕು ಅಂತ ರಿಂಗಿಗೆ ಹೋದವನಲ್ಲ ನಾನು ಎಂದು ಗ್ರಿಫಿತ್ ತಡವರಿಸಿದ. ನನ್ನ ಮನಸ್ಸಿನಲ್ಲಿ ದ್ವೇಷ ಇಲ್ಲ ಎಂದ ಮಗ. ಇಬ್ಬರೂ ಅಪ್ಪಿಕೊಂಡರು. ಗ್ರಿಫಿತ್ ಬಿಕ್ಕಿದ. 43 ವರ್ಷ ಕಾದಿದ್ದು ಈ ಮಾತಿಗೆ. ಇಲ್ಲೊಂದು ಮಾತು ಸೇರಿಸಬೇಕು. ಆ ಮಗ ಕ್ಷಮಿಸದೇ ಹೋಗಿದ್ದರೂ ಅದು ಅವನ ತಪ್ಪಾಗುತ್ತಿರಲಿಲ್ಲ. ಅವನು ಕೊಟ್ಟ, ಅದು ಅವನ ದೊಡ್ಡತನ. ಆ ಹೊತ್ತಿಗೆ ಗ್ರಿಫಿತ್‌ಗೆ ನೆನಪು ಕೈಕೊಡಲು ಶುರುವಾಗಿತ್ತು. ವರ್ಷಗಟ್ಟಲೆ ತಲೆಗೆ ಬಿದ್ದ ಏಟಿನಿಂದ ಬರುವ ಮರೆವಿನ ಕಾಯಿಲೆ ಅದು. 2013ರ ಜುಲೈ 23ರಂದು ಅವನು ತೀರಿಕೊಂಡ.

ನಮ್ಮ ಊರಿನ ಒಂದು ವಿಷಯ ಹೇಳಿಬಿಡುತ್ತೇನೆ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಮೈಸೂರಿನ ಯುವಕನೊಬ್ಬ ತಲೆಗೆ ಏಟು ಬಿದ್ದು ಕುಸಿದ, ಮತ್ತೆ ಏಳಲಿಲ್ಲ. ಅವನ ಮನೆಯವರ ದುಃಖದ ಬಗ್ಗೆ ಪತ್ರಿಕೆಗಳು ಬರೆದವು, ಬರೆಯಲೇಬೇಕಿತ್ತು. ಆದರೆ ಆ ಏಟು ಹೊಡೆದವನೂ ಒಬ್ಬ ಹುಡುಗನೇ. ಪಂದ್ಯದ ನಿಯಮದೊಳಗೇ ಆಡಿದರೂ ಇಂಥ ಹುಡುಗ ಅದನ್ನು ಹೊತ್ತುಕೊಂಡು ಬದುಕಬೇಕು. ಅವನ ಕಡೆ ಯಾರ ಗಮನವೂ ಹೋಗುವುದಿಲ್ಲ.

ಕೋಚ್‌ಗಳೇ, ನಿಮ್ಮಲ್ಲಿ ಎರಡು ಕೇಳಿಕೊಳ್ಳುತ್ತೇನೆ. ಅಮೆಚೂರ್ ಬಾಕ್ಸಿಂಗ್‌ನಲ್ಲಿ ತಲೆಗೆ ಏಟು ಬಿದ್ದು ನಾಕೌಟ್ ಆದವನು ಕನಿಷ್ಠ 30 ದಿನ ಸ್ಪಾರಿಂಗ್, ಅಂದರೆ ಅಭ್ಯಾಸದ ಹೊಡೆದಾಟ ಕೂಡ ಮಾಡುವಂತಿಲ್ಲ ಎಂಬ ನಿಯಮವಿದೆ. ಮೂರು ತಿಂಗಳೊಳಗೆ ಎರಡು ಸಲ ಆದರೆ 90 ದಿನ. ಹುಡುಗ ನಾನು ಚೆನ್ನಾಗೇ ಇದ್ದೀನಿ ಸಾರ್ ಅಂದರೂ, ಟೂರ್ನಿ ಎಷ್ಟೇ ದೊಡ್ಡದಾದರೂ, ಆ ದಿನಗಳನ್ನು ಕಡಿಮೆ ಮಾಡಬೇಡಿ. ಪರೆಟ್‌ಗೆ ಸಿಗದೇ ಹೋದದ್ದು ಆ ಬಿಡುವು. ಎರಡನೆಯದು, ನಿಮ್ಮ ಹುಡುಗನ ಏಟಿಗೆ ಎದುರಿನವನು ಆಸ್ಪತ್ರೆ ಸೇರಿದರೆ, ಗೆದ್ದ ಹುಡುಗನನ್ನು ಅವತ್ತು ರಾತ್ರಿ ಒಬ್ಬನೇ ಮನೆಗೆ ಕಳಿಸಬೇಡಿ. ಮರುದಿನ ಅವನನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ. ಆ ಮನೆಯವರು ಒಳಗೆ ಬಿಡದಿದ್ದರೆ ಬೇಸರ ಬೇಡ, ಹೊರಗೇ ಸ್ವಲ್ಪ ಹೊತ್ತು ಕೂತು ಬನ್ನಿ.