ಹತ್ತಿ ಹೊಲ ಹಬ್ಬಿದ ದಾರಿ

ಸ್ನೇಹಿತರೇ, ಅಮೆರಿಕದ ಗುಲಾಮಗಿರಿಯ ಕತೆಯನ್ನು ಹತ್ತಿಯಿಂದಲೇ ಶುರು ಮಾಡುತ್ತೇನೆ.

1793ರಲ್ಲಿ ಎಲಿ ವಿಟ್ನಿ ಎಂಬುವರು ಹತ್ತಿಯಿಂದ ಬೀಜ ತೆಗೆಯುವ ಯಂತ್ರ ಮಾಡಿದರು. ಅದೇ ಜಿನ್. ನಮ್ಮ ಧಾರವಾಡದ ಕಡೆಯವರಿಗೆ ಈ ಪದ ಹೊಸದೇನಲ್ಲ. ಯಂತ್ರ ಬಂದ ಮೇಲೆ ಅಮೆರಿಕದ ಗುಲಾಮರಿಗೆ ಕೆಲಸ ಹಗುರಾಗಬೇಕಿತ್ತು, ಅಲ್ವಾ? ಆಗಲಿಲ್ಲ. ಬೀಜ ತೆಗೆಯುವುದು ಸುಲಭವಾದಷ್ಟೂ ಹತ್ತಿ ಬೆಳೆಯುವ ಆಸೆ ಹೆಚ್ಚಿತು. ಇಂಗ್ಲೆಂಡಿನ ಗಿರಣಿಗಳಿಗೆ ಎಷ್ಟು ಕಳಿಸಿದರೂ ಸಾಲದು. ಬಿತ್ತಲು, ಕಳೆ ಕೀಳಲು, ಹತ್ತಿ ಬಿಡಿಸಲು ಜನ ಬೇಕು. 1790ರಲ್ಲಿ ಸುಮಾರು 7 ಲಕ್ಷ ಇದ್ದ ಗುಲಾಮರು 1860ರ ಹೊತ್ತಿಗೆ ಸುಮಾರು 40 ಲಕ್ಷವಾದರು.

ನೆಲವೂ ಬೇಕಿತ್ತು. ಮೂಲನಿವಾಸಿಗಳನ್ನು ಪಶ್ಚಿಮಕ್ಕೆ ಕಳಿಸುವ 1830ರ ಕಾಯ್ದೆಯ ನಂತರ ಚೆರೊಕೀ, ಕ್ರೀಕ್, ಚೊಕ್ಟಾ ಎಂಬ ಮೂಲನಿವಾಸಿ ಜನರನ್ನು ಅವರ ಊರುಗಳಿಂದ ಓಡಿಸಿದರು. ಆ ನೆಲದಲ್ಲಿ ಹತ್ತಿ ಬಿತ್ತಿದರು.

ಹೊರದೇಶದಿಂದ ಗುಲಾಮರನ್ನು ತರುವುದನ್ನು 1808ರಲ್ಲೇ ನಿಷೇಧಿಸಿದ್ದರು. ಹಾಗಾಗಿ ದೇಶದೊಳಗೇ ಮಾರಾಟ ಜೋರಾಯಿತು. ವರ್ಜೀನಿಯಾ, ಮೇರಿಲ್ಯಾಂಡ್ ಕಡೆಯಿಂದ ಮಿಸಿಸಿಪ್ಪಿ, ಲೂಸಿಯಾನಕ್ಕೆ. ಗಂಡಸರ ಕೈಗೆ ಇಬ್ಬಿಬ್ಬರಂತೆ ಬೇಡಿ ಹಾಕಿ, ಒಂದೇ ಸರಪಳಿಗೆ ಕಟ್ಟಿ, ವಾರಗಟ್ಟಲೆ ನಡೆಸುತ್ತಿದ್ದರು. ಹೀಗೆ ದಕ್ಷಿಣದ ಹತ್ತಿ ಸೀಮೆಗೆ ಹೋದವರು ಸುಮಾರು 10 ಲಕ್ಷ ಜನ. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಗು ಇನ್ನೆಲ್ಲೋ. ಈ ಚರಿತ್ರೆಯಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಇಲ್ಲೇ.

ಪಶ್ಚಿಮದಲ್ಲಿ ಹೊಸ ನೆಲ ಸಿಕ್ಕಾಗಲೆಲ್ಲ ಒಂದೇ ಜಗಳ. ಇಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ? 1820ರಲ್ಲಿ ನಕ್ಷೆಯ ಮೇಲೆ ಗೆರೆ ಎಳೆದು, ಅದರ ಉತ್ತರಕ್ಕೆ ಗುಲಾಮಗಿರಿ ಬೇಡ, ದಕ್ಷಿಣಕ್ಕೆ ಇರಲಿ ಅಂತ ರಾಜಿಯಾದರು. ಮೆಕ್ಸಿಕೊ ಜೊತೆ ಯುದ್ಧ ಮಾಡಿ ಇನ್ನಷ್ಟು ನೆಲ ಗೆದ್ದಾಗ ಜಗಳ ಮತ್ತೆ ಎದ್ದಿತು. 1850ರಲ್ಲಿ ಇನ್ನೊಂದು ರಾಜಿ. ಅದರಲ್ಲಿ ಒಂದು ಕ್ರೂರ ಕಾಯ್ದೆ ಸೇರಿತ್ತು. ಓಡಿಬಂದ ಗುಲಾಮರನ್ನು ಹಿಡಿದುಕೊಡಲು, ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳವರೂ ನೆರವಾಗಬೇಕು.

ಆ್ಯಂಟನಿ ಬರ್ನ್ಸ್ ಎಂಬ ಗುಲಾಮರು ವರ್ಜೀನಿಯಾದಿಂದ ತಪ್ಪಿಸಿಕೊಂಡು ಉತ್ತರದ ಬಾಸ್ಟನ್‌ಗೆ ಬಂದು, ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. 1854ರ ಮೇ ತಿಂಗಳಲ್ಲಿ ಅವರನ್ನು ಹಿಡಿದರು. ಬಿಡಿಸಲು ಜನ ನ್ಯಾಯಾಲಯಕ್ಕೆ ನುಗ್ಗಿದರು, ಆಗಲಿಲ್ಲ. ಜೂನ್ 2ರಂದು ಒಬ್ಬ ಮನುಷ್ಯನನ್ನು ಹಡಗಿಗೆ ಹತ್ತಿಸಲು ಬೀದಿಯುದ್ದಕ್ಕೂ ಸೈನಿಕರು ನಿಂತರು. ಅಂಗಡಿಗಳಿಗೆ ಕಪ್ಪು ಬಟ್ಟೆ ಕಟ್ಟಿದ್ದರು. ಅಲ್ಲಿಯವರೆಗೆ ಗುಲಾಮಗಿರಿ ದಕ್ಷಿಣದವರ ವಿಷಯ ಅಂತ ಸುಮ್ನೆ ಇದ್ದವರು, ಅದು ತಮ್ಮ ಮನೆ ಮುಂದೆಯೇ ನಡೆದುಹೋಗುವುದನ್ನು ಕಂಡರು.

ಅದೇ ವಾರ, ಮೇ 30ರಂದು, ಕಾನ್ಸಾಸ್-ನೆಬ್ರಾಸ್ಕ ಕಾಯ್ದೆಗೆ ಅಧ್ಯಕ್ಷರ ಸಹಿ ಬಿದ್ದಿತು. 1820ರ ಗೆರೆ ಅಳಿಸಿಹೋಯಿತು. ಕಾನ್ಸಾಸ್, ನೆಬ್ರಾಸ್ಕ ಎಂಬ ಪಶ್ಚಿಮದ ಹೊಸ ಸೀಮೆಗಳಲ್ಲಿ ಗುಲಾಮಗಿರಿ ಬೇಕೋ ಬೇಡವೋ ಅಲ್ಲಿ ನೆಲೆಸಿದವರೇ ಮತ ಹಾಕಿ ತೀರ್ಮಾನಿಸಲಿ ಅಂದರು. ಕೇಳಲು ನ್ಯಾಯವಾಗಿದೆ. ಆದರೆ ಆ ಗುಲಾಮರಿಗೇ ಮತವಿರಲಿಲ್ಲ. 1855ರ ಚುನಾವಣೆಯಲ್ಲಿ ಕಾನ್ಸಾಸ್‌ನ ಮತದಾರರು 2,905 ಜನ, ಬಿದ್ದ ಮತ 6,000ಕ್ಕೂ ಜಾಸ್ತಿ! ಪಕ್ಕದ ಮಿಸೌರಿಯಿಂದ ಬಂದೂಕು ಹಿಡಿದು ಗಡಿ ದಾಟಿದವರು ಹಾಕಿದ ಮತಗಳವು. ಮರುವರ್ಷ ಮೇ 21ರಂದು ಗುಲಾಮಗಿರಿ ವಿರೋಧಿಗಳು ನೆಲೆಸಿದ್ದ ಕಾನ್ಸಾಸ್‌ನ ಲಾರೆನ್ಸ್ ಪಟ್ಟಣವನ್ನು ಗುಲಾಮಗಿರಿಯ ಪರ ಇದ್ದವರು ಲೂಟಿ ಮಾಡಿದರು. ಮೂರು ದಿನ ಕಳೆದ ಮೇಲೆ ಗುಲಾಮಗಿರಿಯ ಕಡುವಿರೋಧಿ ಜಾನ್ ಬ್ರೌನ್ ಗುಂಪು ರಾತ್ರಿ ಹೊತ್ತು ಗುಲಾಮಗಿರಿಯ ಪರದ ಐವರನ್ನು ಮನೆಯಿಂದ ಎಳೆದು ಕೊಂದಿತು. ಉತ್ತರ-ದಕ್ಷಿಣ ರಾಜ್ಯಗಳ ನಡುವಿನ ದೊಡ್ಡ ಅಂತರ್ಯುದ್ಧಕ್ಕೆ ಇನ್ನೂ ಐದು ವರ್ಷ ಇತ್ತು. ಆದರೆ ಕಾನ್ಸಾಸ್‌ನಲ್ಲಿ ಅದು ಆಗಲೇ ಶುರುವಾಗಿತ್ತು ಅನ್ನುವುದು ನನ್ನ ಅಭಿಪ್ರಾಯ.

ಬರ್ನ್ಸ್ ಏನಾದರು? 1855ರಲ್ಲಿ ಬಾಸ್ಟನ್ ಜನ ಹಣ ಕೂಡಿಸಿ ಅವರನ್ನು ಬಿಡಿಸಿಕೊಂಡರು. ಅವರು ಓದಿ, ಕೆನಡಾದಲ್ಲಿ ಪಾದ್ರಿಯಾದರು. 1862ರ ಜುಲೈನಲ್ಲಿ ತೀರಿಕೊಂಡಾಗ ಅವರಿಗೆ 28 ವರ್ಷ. ಅವರು ಹುಟ್ಟಿದ ವರ್ಜೀನಿಯಾದಲ್ಲಿ ಆಗ ಯುದ್ಧ ನಡೆಯುತ್ತಿತ್ತು.