ಬೋರ್ಡು ನೆಡುವ ಮೊದಲು ಸಹಿ ಹಾಕುವವರು ಯಾರು?

ನಮಸ್ಕಾರ. 2024ರ ಜನವರಿ ಕೊನೆಯಲ್ಲಿ ಓಡಾಡಿದ ಆ ವಿಡಿಯೋ ನೀವೂ ನೋಡಿರುತ್ತೀರಿ. ಗಣರಾಜ್ಯೋತ್ಸವದ ರಜೆ, ಕುಮಾರ ಪರ್ವತ, ಜಾತ್ರೆಗೆ ಬಂದಂಥ ಜನ. ಚಾರಣಕ್ಕೆ ಹೋದವರು ರೇಷನ್ ಅಂಗಡಿ ಮುಂದೆ ನಿಂತ ಹಾಗೆ ಸಾಲುಗಟ್ಟಿ ನಿಂತಿದ್ದರು. ಆಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ವೆಬ್‌ಸೈಟ್ ಬಂತು. ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿಯೂ ಬಂತು.

ಒಳ್ಳೆಯದೇ ಆಯಿತು. ಬೈಯೋಕೆ ನಾನು ಇಲ್ಲಿ ಕೂತಿಲ್ಲ. ಆದರೆ ಟಿಕೆಟ್ ಬಗ್ಗೆ ಇಷ್ಟೆಲ್ಲ ಮಾತಾಡಿದ ನಾವು, ಕಾಲಡಿಯ ದಾರಿಯ ಬಗ್ಗೆ ಎಷ್ಟು ಮಾತಾಡಿದೆವು? ಒಂದು ಕಾಲುದಾರಿಯನ್ನು 'ಇದು ಅಧಿಕೃತ' ಅಂತ ಕರೆಯಬೇಕಾದರೆ ಅದಕ್ಕೆ ಏನೇನು ಇರಬೇಕು?

ಈ ಪ್ರಶ್ನೆಗೆ ಅಮೆರಿಕದವರು 1968ರಲ್ಲೇ ಒಂದು ಕಾನೂನು ಮಾಡಿದರು. ಅಪಲಾಚಿಯನ್ ಟ್ರೇಲ್‌ನಂಥ ಸಾವಿರಾರು ಕಿಲೋಮೀಟರ್ ದಾರಿಗಳಿಗೆ ಅಲ್ಲಿ ಸಂಸತ್ತೇ ಒಪ್ಪಿಗೆ ಕೊಡಬೇಕು. ಅದು ದೊಡ್ಡವರ ಲೆಕ್ಕ, ಬಿಡಿ. ನನಗೆ ಇಷ್ಟವಾದದ್ದು ಅದೇ ಕಾನೂನಿನ ಇನ್ನೊಂದು ವರ್ಗ, ನ್ಯಾಷನಲ್ ರಿಕ್ರಿಯೇಷನ್ ಟ್ರೇಲ್. ಊರ ಪಕ್ಕದ ಸಣ್ಣ ದಾರಿಗೂ ಈ ಹೆಸರು ಸಿಗಬಹುದು. ದಾರಿ ನೋಡಿಕೊಳ್ಳುವವರು ಅರ್ಜಿ ಹಾಕಬೇಕು, ಇಲಾಖೆಯ ಮಂತ್ರಿ ಮಟ್ಟದಲ್ಲಿ ಒಪ್ಪಿಗೆ ಸಿಗುತ್ತದೆ. ಇಂಥವು ಈಗ 1,300ಕ್ಕೂ ಜಾಸ್ತಿ ಇವೆ.

ಷರತ್ತುಗಳು ಹಲವು. ದಾರಿ ಚೆನ್ನಾಗಿ ಕಟ್ಟಿರಬೇಕು, ಪರಿಸರ ಕಾನೂನು ಮೀರಿರಬಾರದು, ಇತ್ಯಾದಿ. ಇವು ಯಾರು ಬೇಕಾದರೂ ಬರೆಯುವಂಥವು. ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡೇ. ಒಂದು, ದಾರಿ ಯಾರ್ಯಾರ ಜಮೀನಿನ ಮೇಲೆ ಹೋಗುತ್ತದೋ ಅಷ್ಟೂ ಜನ ಬರವಣಿಗೆಯಲ್ಲಿ ಒಪ್ಪಿಗೆ ಕೊಡಬೇಕು. ಸರ್ಕಾರಿ ಜಾಗವಾದರೂ ಅಷ್ಟೇ, ಖಾಸಗಿಯಾದರೂ ಅಷ್ಟೇ. ಎರಡು, ಹೆಸರು ಸಿಕ್ಕಮೇಲೆ ಕನಿಷ್ಠ 10 ವರ್ಷ ಆ ದಾರಿ ಜನರಿಗೆ ತೆರೆದಿರಬೇಕು.

ಮೊದಲನೆಯದನ್ನು ನಮ್ಮ ಮಲೆನಾಡಿಗೆ ತಂದು ನೋಡಿ. ನಮ್ಮ ದಾರಿಗಳು ಬರೀ ಕಾಡಲ್ಲೇ ಹೋಗುವುದಿಲ್ಲ, ಅಲ್ವಾ? ಯಾರದೋ ಕಾಫಿ ತೋಟದ ಅಂಚು, ಇನ್ಯಾರದೋ ಅಡಿಕೆ ತೋಟದ ಉಣಗೋಲು ದಾಟುತ್ತವೆ. ಚಾರಣಿಗ ಉಣಗೋಲು ತೆಗೆದವನು ಹಾಗೇ ಬಿಟ್ಟು ಹೋಗುತ್ತಾನೆ. ದನ ನುಗ್ಗುತ್ತದೆ. ತೋಟದವರಿಗೆ ಸಿಟ್ಟು ಬರದೆ ಇನ್ನೇನು ಬರುತ್ತದೆ? ಅವರನ್ನು ಮೊದಲೇ ಕೂರಿಸಿ ಕೇಳಿದ್ದರೆ ಆ ಜಾಗದಲ್ಲಿ ತಾನಾಗಿ ಮುಚ್ಚುವ ಗೇಟು ಇರಬೇಕು ಅಂತ ಅವರೇ ಹೇಳುತ್ತಿದ್ದರು.

ಕೇಳದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೂ ಅಮೆರಿಕದಲ್ಲೇ ಒಂದು ಕಥೆ ಇದೆ. 'ನ್ಯಾಷನಲ್ ಬ್ಲೂವೇ' ಅಂತ ನದಿಗಳಿಗೆ ಬೇರೆಯೇ ಒಂದು ಬಿರುದು ಕೊಡಲು ಹೊರಟಿದ್ದರು. 2013ರ ಜನವರಿಯಲ್ಲಿ ಅರ್ಕನ್ಸಾ ಮತ್ತು ಮಿಸೌರಿ ರಾಜ್ಯಗಳ ವೈಟ್ ನದಿಗೆ ಅದನ್ನು ಕೊಟ್ಟರು. ಬಿರುದಿನಿಂದ ಹೊಸ ಕಾನೂನೇನೂ ಬರುತ್ತಿರಲಿಲ್ಲ. ಆದರೂ ದಡದ ಜಮೀನಿನವರಿಗೆ 'ನಮ್ಮ ಹೊಲದ ಮೇಲೆ ಕಣ್ಣು ಬಿತ್ತು' ಅನ್ನಿಸಿತು. ಗಲಾಟೆ ಎದ್ದಿತು. ಜುಲೈಗೆಲ್ಲ ಬಿರುದು ವಾಪಸ್. ಆಮೇಲೆ ಆ ಯೋಜನೆಯನ್ನೇ ಕೈಬಿಟ್ಟರು.

ಇನ್ನು 10 ವರ್ಷದ ಮಾತು. ನಮ್ಮಲ್ಲಿ ಒಂದು ಆದೇಶಕ್ಕೆ ದಾರಿ ಮುಚ್ಚುತ್ತದೆ, ಇನ್ನೊಂದಕ್ಕೆ ತೆರೆಯುತ್ತದೆ. ಬೆಂಕಿಯ ಕಾಲದಲ್ಲಿ, ಮಳೆಯಲ್ಲಿ ಮುಚ್ಚಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ದಾರಿ ನಂಬಿ ಬುಡದಲ್ಲಿ ಊಟದ ಮನೆ ಇಟ್ಟವರು, ಗೈಡ್ ಕೆಲಸ ಕಲಿತ ಹುಡುಗರು, ಇವರು ಯಾವ ಧೈರ್ಯದ ಮೇಲೆ ಬದುಕು ಕಟ್ಟಬೇಕು?

ನೀರಿನ ದಾರಿಗೆ, ಅಂದರೆ ದೋಣಿಯಲ್ಲಿ ಸಾಗುವ ನದಿ ದಾರಿಗೆ ಬಂದರೆ ವಿಷಯ ಇನ್ನೂ ಸೂಕ್ಷ್ಮ. ಅಮೆರಿಕದ ಜಾರ್ಜಿಯಾ ರಾಜ್ಯದ ಚಾಟಾಹೂಚಿ ನದಿಯ 48 ಮೈಲಿಗೆ 2012ರಲ್ಲಿ ಮೊದಲ ರಾಷ್ಟ್ರೀಯ ವಾಟರ್ ಟ್ರೇಲ್ ಅನ್ನುವ ಹೆಸರು ಸಿಕ್ಕಿತು. ಮೇಲ್ಗಡೆ ಬ್ಯೂಫರ್ಡ್ ಅಣೆಕಟ್ಟು. ಅಲ್ಲಿ ವಿದ್ಯುತ್ತಿಗಾಗಿ ನೀರು ಬಿಟ್ಟರೆ ಕೆಳಗಡೆ ನದಿ ಗಬಕ್ಕನೆ ಏರುತ್ತದೆ. ಕೆರೆಯ ತಳದಿಂದ ಬರುವ ನೀರು, ಬೇಸಿಗೆಯಲ್ಲೂ ಮೈ ಕೊರೆಯುವಷ್ಟು ತಣ್ಣಗೆ. ಹಾಗಾಗಿ ನೀರು ಬಿಡುವ ಮೊದಲು ಸೈರನ್ ಕೂಗುತ್ತದೆ, ರೇಡಿಯೋದಲ್ಲಿ ಹೊತ್ತು ಹೇಳುತ್ತಾರೆ. ಅಣೆಕಟ್ಟಿನ ಕೆಳಗಿನ ಮೊದಲ ತುಂಡಿನಲ್ಲಿ ಲೈಫ್ ಜಾಕೆಟ್ ಹಾಕದೆ ನೀರಿಗಿಳಿಯುವ ಹಾಗೇ ಇಲ್ಲ.

ನಮ್ಮ ಕಾಳಿ ನದಿಯದೂ ಇದೇ ಸ್ವಭಾವ. ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಗಣೇಶಗುಡಿಯಲ್ಲಿ ರಾಫ್ಟಿಂಗ್, ಇಲ್ಲದಿದ್ದರೆ ಬಂಡೆ. ನನ್ನನ್ನು ಕೇಳಿದರೆ ಅಲ್ಲಿಂದಲೇ ಶುರು ಮಾಡಬಹುದು. ಒಂದು ಹಾಳೆ ಸಾಕು. ರಾಫ್ಟ್ ಎಲ್ಲಿ ನೀರಿಗಿಳಿಯುತ್ತದೆ, ಎಲ್ಲಿ ದಡ ಸೇರುತ್ತದೆ, ನೀರು ಯಾವ ಹೊತ್ತಿಗೆ ಬಿಡುತ್ತಾರೆ, ಸೈರನ್ ಎಲ್ಲಿಯ ತನಕ ಕೇಳಿಸುತ್ತದೆ, ಯಾವ ತಿರುವಿನ ಆಚೆ ಕೇಳಿಸುವುದಿಲ್ಲ. ಕೆಳಗೆ ಸಹಿ: ಅರಣ್ಯ ಇಲಾಖೆಯವರದು, ಅಣೆಕಟ್ಟು ನೋಡಿಕೊಳ್ಳುವವರದು, ದಡದಲ್ಲಿ ಜಮೀನಿರುವ ಪ್ರತಿಯೊಬ್ಬರದು.